ಹಕ್ಕಿಗೇ ಮೊದಲ ಹಕ್ಕು: ಅಮೆರಿಕದ ವನ್ಯಜೀವಿ ತಾಣಗಳಿಗೆ ರೂಲ್ಸ್ ಬಂದ ಕಥೆ

ಇವತ್ತಿನ ಎಪಿಸೋಡನ್ನ ಒಂದು ಪುಟ್ಟ ಕ್ವಿಜ್‌ನಿಂದ ಶುರು ಮಾಡೋಣ.

ಅಮೆರಿಕದಲ್ಲಿರೋ ನಿಮ್ಮ ಕಸಿನ್ ಮನೆಗೆ ಹೋಗಿದ್ದೀರಿ ಅಂದ್ಕೊಳ್ಳಿ. ವೀಕೆಂಡ್‌ಗೆ ಹತ್ತಿರದ ಒಂದು ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್‌ಗೆ, ಅಂದ್ರೆ ಕೇಂದ್ರ ಸರ್ಕಾರದ ವನ್ಯಜೀವಿ ಆಶ್ರಯತಾಣಕ್ಕೆ ಕರ್ಕೊಂಡು ಹೋಗ್ತಾರೆ. ಅಲ್ಲಿ ನಿಮ್ಮ ಮುಂದೆ ಮೂರು ಆಯ್ಕೆ. ಒಂದು, ಡ್ರೋನ್ ಹಾರಿಸಿ ಜೌಗು ಪ್ರದೇಶದ ವಿಡಿಯೋ ತೆಗೆಯೋದು. ಎರಡು, ಜಿಂಕೆ ತಾನಾಗೇ ಉದುರಿಸಿದ ಕೊಂಬು ನೆಲದ ಮೇಲೆ ಬಿದ್ದಿದೆ, ಅದನ್ನ ಎತ್ತಿ ಬ್ಯಾಗಿಗೆ ಹಾಕ್ಕೊಳ್ಳೋದು. ಮೂರು, ಬಂದೂಕು ಹಿಡಿದು ಬಾತುಕೋಳಿ ಹೊಡೆಯೋದು. ಇದ್ರಲ್ಲಿ ಯಾವುದಕ್ಕೆ ಅವಕಾಶ ಸಿಗಬಹುದು ಹೇಳಿ?

ಉತ್ತರ ಮೂರನೇದು. ಲೈಸೆನ್ಸ್ ಇದ್ರೆ, ಸೀಸನ್ ಇದ್ರೆ, ಗುರುತು ಮಾಡಿದ ಜಾಗದಲ್ಲಿ, ನೂರಾರು ರೆಫ್ಯೂಜ್‌ಗಳಲ್ಲಿ ಬೇಟೆಗೆ ಅವಕಾಶ ಇದೆ. ಡ್ರೋನ್ ಹಾರಿಸಿದ್ರೆ ದಂಡ. ಬಿದ್ದ ಕೊಂಬು ಎತ್ತಿದ್ರೂ ದಂಡ.

ಇದೇನ್ರೀ ವಿಚಿತ್ರ ಅಂತ ಅನ್ನಿಸುತ್ತಲ್ವಾ? ಪ್ರಾಣಿಗೆ ಆಶ್ರಯ ಅಂತ ಬೋರ್ಡ್ ಹಾಕಿ, ಹೊಡೆಯೋದಕ್ಕೆ ಓಕೆ, ಫೋಟೋಗೆ ಡ್ರೋನ್ ಬೇಡ! ಈ ವಿಚಿತ್ರ ಅರ್ಥ ಆಗ್ಬೇಕು ಅಂದ್ರೆ 120 ವರ್ಷ ಹಿಂದಕ್ಕೆ, ಫ್ಲೋರಿಡಾದ ಒಂದು ಪುಟ್ಟ ದ್ವೀಪಕ್ಕೆ ಹೋಗ್ಬೇಕು. ಅದಕ್ಕೂ ಮುಂಚೆ ನ್ಯೂಯಾರ್ಕಿನ ಹ್ಯಾಟ್ ಅಂಗಡಿಗೆ.

ಹ್ಯಾಟಿನ ಮೇಲೆ ಹಕ್ಕಿ

1886ನೇ ಇಸವಿ. ಫ್ರಾಂಕ್ ಚಾಪ್‌ಮನ್ ಅನ್ನೋ ಪಕ್ಷಿಪ್ರಿಯ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೀದಿಗಳಲ್ಲಿ ಎರಡು ಸಲ ವಾಕಿಂಗ್ ಹೋದ. ಬೇರೆಯವರು ಪಾರ್ಕಿನಲ್ಲಿ ಹಕ್ಕಿ ಎಣಿಸಿದ್ರೆ, ಈತ ಹೆಂಗಸರ ಹ್ಯಾಟಿನ ಮೇಲಿರೋ ಹಕ್ಕಿಗಳನ್ನ ಎಣಿಸಿದ. ಲೆಕ್ಕ ಹೀಗಿತ್ತು: 700 ಹ್ಯಾಟ್‌ಗಳಲ್ಲಿ 542ರ ಮೇಲೆ ಹಕ್ಕಿ ಅಥವಾ ಹಕ್ಕಿಯ ಗರಿ. ಸುಮಾರು 40 ಜಾತಿಯ ಹಕ್ಕಿಗಳು.

ಇದು ಆಗಿನ ಫ್ಯಾಷನ್. ಅದ್ರಲ್ಲೂ ಬೆಳ್ಳಕ್ಕಿಯ ಬೆನ್ನಿನ ಮೇಲೆ ಬರೋ ನವಿರಾದ ಗರಿಗೆ ಭಾರಿ ಡಿಮ್ಯಾಂಡ್. ಒಂದು ಹಂತದಲ್ಲಿ ಅದರ ಬೆಲೆ ತೂಕಕ್ಕೆ ತೂಕ ಚಿನ್ನಕ್ಕಿಂತ ಜಾಸ್ತಿ ಇತ್ತು. ಇಲ್ಲೊಂದು ಕ್ರೂರವಾದ ವಿಷಯ ಇದೆ. ಆ ಗರಿ ಬರೋದು ಹಕ್ಕಿ ಗೂಡು ಕಟ್ಟೋ ಕಾಲದಲ್ಲಿ ಮಾತ್ರ. ಬೇಟೆಗಾರನಿಗೆ ಗರಿ ಬೇಕು ಅಂದ್ರೆ ಗೂಡಿನಲ್ಲಿ ಮರಿ ಇರುವಾಗಲೇ ಅಪ್ಪ ಅಮ್ಮನನ್ನ ಹೊಡೀಬೇಕು. ಮರಿಗಳು ಹಸಿವಿನಿಂದ ಸಾಯ್ತಿದ್ವು. ನಾನು ಓದಿದ್ದು ಕಾಮರ್ಸ್, ಅದರ ಭಾಷೆಯಲ್ಲೇ ಹೇಳ್ತೀನಿ: ಇದು ಬಡ್ಡಿ ತಿನ್ನೋ ವ್ಯವಹಾರ ಅಲ್ಲ, ಅಸಲನ್ನೇ ನುಂಗೋ ವ್ಯವಹಾರ. ಒಂದು ಸೀಸನ್ ಲಾಭಕ್ಕೆ ಎರಡು ತಲೆಮಾರಿನ ಹಕ್ಕಿ ಖಾಲಿ.

ಈ ವ್ಯಾಪಾರ ಅಮೆರಿಕದಲ್ಲಿ ಮಾತ್ರ ಇರಲಿಲ್ಲ. ಭಾರತದಿಂದಲೂ ಲಂಡನ್ ಮಾರುಕಟ್ಟೆಗೆ ಗರಿ ಹೋಗ್ತಿತ್ತು. 1902ರಲ್ಲಿ ಬ್ರಿಟಿಷ್ ಇಂಡಿಯಾ ಸರ್ಕಾರ ಹಕ್ಕಿಗಳ ಚರ್ಮ, ಗರಿಗಳ ರಫ್ತನ್ನ ನಿಷೇಧಿಸಿತು.

ಅಮೆರಿಕದಲ್ಲಿ ಇದರ ವಿರುದ್ಧ ಮೊದಲು ಎದ್ದು ನಿಂತವರಲ್ಲಿ ಹ್ಯಾಟ್ ಹಾಕೋ ಮಹಿಳೆಯರೇ ಇದ್ರು. 1896ರಲ್ಲಿ ಬಾಸ್ಟನ್‌ನ ಹ್ಯಾರಿಯೆಟ್ ಹೆಮೆನ್‌ವೇ, ಮಿನ್ನಾ ಹಾಲ್ ಅನ್ನೋ ಇಬ್ಬರು ತಮ್ಮ ಸ್ನೇಹಿತೆಯರನ್ನ ಟೀಗೆ ಕರೆದು, ಗರಿ ಇರೋ ಹ್ಯಾಟ್ ಬಿಡಿ ಅಂತ ಒಪ್ಪಿಸೋಕೆ ಶುರು ಮಾಡಿದ್ರು. ಅಲ್ಲಿಂದ ಮ್ಯಾಸಚೂಸೆಟ್ಸ್ ಆಡುಬಾನ್ ಸೊಸೈಟಿ ಹುಟ್ಟಿತು. 1900ರಲ್ಲಿ ಲೇಸಿ ಆ್ಯಕ್ಟ್ ಬಂತು. ಒಂದು ರಾಜ್ಯದಲ್ಲಿ ಕಾನೂನು ಮುರಿದು ಹೊಡೆದ ಪ್ರಾಣಿ ಪಕ್ಷಿಗಳನ್ನ ಇನ್ನೊಂದು ರಾಜ್ಯಕ್ಕೆ ಸಾಗಿಸೋದು ಅಪರಾಧ ಆಯ್ತು.

ಆದ್ರೆ ಕಾನೂನು ಪೇಪರ್ ಮೇಲೆ ಇದ್ರೆ ಸಾಕಾ? ಗೂಡು ಇರೋ ಜಾಗದಲ್ಲಿ ನಿಂತು ಕಾಯೋರು ಯಾರು?

ತಿಂಗಳಿಗೆ 1 ಡಾಲರ್ ಸಂಬಳದ ಕಾವಲುಗಾರ

ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ಇಂಡಿಯನ್ ರಿವರ್ ಅಂತ ಒಂದು ಉದ್ದದ ಹಿನ್ನೀರಿದೆ. ಹೆಸರಿಗೆ ನದಿ, ನಿಜಕ್ಕೂ ಉಪ್ಪುನೀರಿನ ಲಗೂನ್. ಅದರಲ್ಲಿ ಸೆಬಾಸ್ಟಿಯನ್ ಅನ್ನೋ ಊರಿನ ಎದುರಿಗೆ ಪೆಲಿಕನ್ ಐಲ್ಯಾಂಡ್, ಅಂದ್ರೆ ಹೆಜ್ಜಾರ್ಲೆಗಳ ದ್ವೀಪ. ಕೆಲವೇ ಎಕರೆ ಜಾಗ. ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ ಕಂದು ಹೆಜ್ಜಾರ್ಲೆಗಳು ಗೂಡು ಕಟ್ಟೋ ಜಾಗ ಅಂತ ಆಗ ಉಳಿದಿದ್ದು ಇದೊಂದೇ.

ಇಲ್ಲಿಗೆ ಗರಿ ಬೇಟೆಗಾರರು ಬರ್ತಿದ್ರು. ಅವರ ಜೊತೆ ಇನ್ನೊಂದು ಗುಂಪೂ ಬರ್ತಿತ್ತು, ನಮ್ಮ ಇವತ್ತಿನ ಕಥೆಗೆ ಆ ಗುಂಪೇ ಮುಖ್ಯ: ಟೂರಿಸ್ಟ್‌ಗಳು. ಹಾಯಿದೋಣಿಯಲ್ಲಿ ಮಜಾ ಮಾಡ್ತಾ ಹೋಗುವವರು ಟೈಂಪಾಸ್‌ಗೆ ದ್ವೀಪದ ಕಡೆ ಗುಂಡು ಹಾರಿಸ್ತಿದ್ರು. ಅವರಿಗೆ ಗರಿ ಬೇಕಿರಲಿಲ್ಲ, ಮಾಂಸನೂ ಬೇಕಿರಲಿಲ್ಲ. ಬರೀ ರಿಕ್ರಿಯೇಷನ್, ಮನರಂಜನೆ.

ದ್ವೀಪದ ಎದುರಿನ ದಡದಲ್ಲಿ ಪಾಲ್ ಕ್ರೋಗೆಲ್ ಅನ್ನೋ ಜರ್ಮನ್ ವಲಸಿಗನ ಮನೆ. ದೋಣಿ ಕಟ್ಟೋದು ಅವನ ಕೆಲಸ. ದ್ವೀಪದ ಕಡೆ ದೋಣಿ ತಿರುಗಿದ್ದು ಕಂಡ್ರೆ ಸಾಕು, ಈತ ತನ್ನ ದೋಣಿ ಹತ್ತಿ, ಬಂದೂಕು ಇಟ್ಕೊಂಡು, ಹೋಗಿ ಹಕ್ಕಿಗೂ ಅವರಿಗೂ ನಡುವೆ ನಿಲ್ತಿದ್ದ. ಆಗ ಅವನಿಗೆ ಯಾವ ಅಧಿಕಾರವೂ ಇರಲಿಲ್ಲ.

ಚಾಪ್‌ಮನ್, ಅದೇ ನಮ್ಮ ಹ್ಯಾಟ್ ಎಣಿಸಿದ ಮನುಷ್ಯ, ಈ ದ್ವೀಪಕ್ಕೆ ಬಂದು ಹಕ್ಕಿಗಳ ಅಧ್ಯಯನ ಮಾಡಿದ. ಆತ ಮತ್ತು ಅವನ ಸಂಗಡಿಗರ ಮೂಲಕ ವಿಷಯ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಟೇಬಲ್‌ಗೆ ಹೋಯ್ತು. 1903ರ ಮಾರ್ಚ್ 14ರಂದು ರೂಸ್‌ವೆಲ್ಟ್ ಒಂದು ಪುಟ್ಟ ಆದೇಶಕ್ಕೆ ಸಹಿ ಹಾಕಿ, ಈ ದ್ವೀಪ ಹಕ್ಕಿಗಳಿಗೆ ಮೀಸಲು ಅಂತ ಘೋಷಿಸಿದ. ಇವತ್ತಿನ ರೆಫ್ಯೂಜ್ ವ್ಯವಸ್ಥೆಗೆ ಇದೇ ಮೊದಲ ತಾಣ.

ಆದೇಶ ಆಯ್ತು, ಬಜೆಟ್? ಸೊನ್ನೆ. ಕಾವಲುಗಾರನಿಗೆ ಕೊಡೋಕೆ ಸಂಸತ್ತು ದುಡ್ಡು ಮಂಜೂರು ಮಾಡಿರಲಿಲ್ಲ. ಹಾಗಾಗಿ ಕ್ರೋಗೆಲ್‌ಗೆ ಸಿಕ್ಕಿದ್ದು ತಿಂಗಳಿಗೆ 1 ಡಾಲರ್ ಸಂಬಳ, ಅದೂ ಆಡುಬಾನ್ ಸೊಸೈಟಿ ಕಡೆಯಿಂದ. ಕೆಲಸ ಮಾತ್ರ ಅದೇ ಹಳೇದು: ದ್ವೀಪದ ಹತ್ತಿರ ಬರೋರನ್ನ ತಡೆಯೋದು.

ಈ ಕೆಲಸ ಎಷ್ಟು ಅಪಾಯದ್ದು ಅಂತ ಎರಡೇ ವರ್ಷದಲ್ಲಿ ಗೊತ್ತಾಯ್ತು. ಫ್ಲೋರಿಡಾದ ದಕ್ಷಿಣ ತುದಿಯ ಎವರ್‌ಗ್ಲೇಡ್ಸ್ ಭಾಗದಲ್ಲಿ ಗೈ ಬ್ರಾಡ್ಲಿ ಅನ್ನೋ ಹಕ್ಕಿ ಕಾವಲುಗಾರ ಇದ್ದ. 1905ರ ಜುಲೈ 8ರಂದು ಗರಿ ಬೇಟೆಗಾರರನ್ನ ಹಿಡಿಯೋಕೆ ಹೋದಾಗ ಅವನನ್ನ ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವನ ಮೇಲೆ ವಿಚಾರಣೆ ಕೂಡ ನಡೀಲಿಲ್ಲ.

ರೂಸ್‌ವೆಲ್ಟ್ 1909ರಲ್ಲಿ ಅಧಿಕಾರ ಬಿಡೋ ಹೊತ್ತಿಗೆ ಇಂಥ 51 ಪಕ್ಷಿ ಮೀಸಲು ತಾಣಗಳಿದ್ವು. ಆಗಿನ ರೂಲ್‌ಬುಕ್ ತುಂಬಾ ಸಿಂಪಲ್: ಒಳಗೆ ಬರಬೇಡಿ, ಹಕ್ಕಿ ಮುಟ್ಟಬೇಡಿ. ಮನುಷ್ಯ ಅಂದ್ರೆ ಬಂದೂಕು ಹಿಡಿದ ಶತ್ರು, ಅವನು ಆಚೆ ಇರಲಿ. ಅಷ್ಟೇ.

ಕಥೆ ಇಲ್ಲಿಗೇ ಮುಗಿದಿದ್ರೆ ಡ್ರೋನ್, ಬಾತುಕೋಳಿ ಅಂತ ಕನ್‌ಫ್ಯೂಷನ್ನೇ ಇರ್ತಿರಲಿಲ್ಲ. ಮುಂದೆ ದುಡ್ಡಿನ ಪ್ರಶ್ನೆ ಬಂತು.

ಒಂದು ಡಾಲರ್‌ನ ಸ್ಟ್ಯಾಂಪ್

1930ರ ದಶಕ. ಅಮೆರಿಕದಲ್ಲಿ ಆರ್ಥಿಕ ಕುಸಿತ, ಮೇಲಿಂದ ಬರಗಾಲ. ಜೌಗು ಪ್ರದೇಶಗಳನ್ನ ಹೊಲ ಮಾಡೋಕೆ ಅಂತ ಮೊದಲೇ ಒಣಗಿಸಿದ್ರು, ಉಳಿದಿದ್ದು ಬರಕ್ಕೆ ಒಣಗಿತು. ಬಾತುಕೋಳಿಗಳ ಸಂಖ್ಯೆ ಪಾತಾಳಕ್ಕೆ ಬಿತ್ತು. ಅವಕ್ಕೆ ಜಾಗ ಉಳಿಸಬೇಕು ಅಂದ್ರೆ ಸರ್ಕಾರ ಜಮೀನು ಕೊಳ್ಳಬೇಕು. 1929ರಲ್ಲೇ ಜಮೀನು ಕೊಳ್ಳೋ ಕಾನೂನು ಬಂದಿತ್ತು. ಅದರ ಪ್ರಕಾರ ಹೀಗೆ ಕೊಂಡ ಜಾಗದಲ್ಲಿ ಹಕ್ಕಿಗಳಿಗೆ ಯಾರ ಕಾಟವೂ ಇರಬಾರದು. ಆದ್ರೆ ಕೊಳ್ಳೋಕೆ ಕಾಸೆಲ್ಲಿ?

1934ರ ಮಾರ್ಚ್‌ನಲ್ಲಿ ಒಂದು ಜಾಣ ಐಡಿಯಾ ಕಾನೂನಾಯ್ತು. ಬಾತುಕೋಳಿ ಬೇಟೆ ಆಡೋ 16 ವರ್ಷ ದಾಟಿದ ಪ್ರತಿಯೊಬ್ಬರೂ ಪ್ರತಿ ವರ್ಷ ಒಂದು ವಿಶೇಷ ಸ್ಟ್ಯಾಂಪ್ ಕೊಳ್ಳಲೇಬೇಕು. ಜನ ಅದನ್ನ ಡಕ್ ಸ್ಟ್ಯಾಂಪ್ ಅಂತ ಕರೆದ್ರು. ಬೆಲೆ 1 ಡಾಲರ್. ಮೊದಲ ಸ್ಟ್ಯಾಂಪಿನ ಚಿತ್ರ ಬರೆದವನು ಜೇ ಡಾರ್ಲಿಂಗ್, 'ಡಿಂಗ್' ಅಂತಲೇ ಫೇಮಸ್. ಪತ್ರಿಕಾ ವ್ಯಂಗ್ಯಚಿತ್ರಕಾರ, ಆಗ ಸರ್ಕಾರದ ವನ್ಯಜೀವಿ ವಿಭಾಗಕ್ಕೆ ಅವನೇ ಮುಖ್ಯಸ್ಥ. ಮೊದಲ ವರ್ಷವೇ 6,35,001 ಸ್ಟ್ಯಾಂಪ್ ಮಾರಾಟ ಆಯ್ತು.

ಇವತ್ತು ಅದೇ ಸ್ಟ್ಯಾಂಪ್‌ಗೆ 25 ಡಾಲರ್. ಕೊಟ್ಟ ಪ್ರತಿ ಡಾಲರ್‌ನಲ್ಲಿ 98 ಸೆಂಟ್ ನೇರವಾಗಿ ಹಕ್ಕಿಗಳ ಜಾಗ ಉಳಿಸೋಕೆ ಹೋಗುತ್ತೆ. ಈವರೆಗೆ ಅದರಿಂದ 60 ಲಕ್ಷ ಎಕರೆಗೂ ಹೆಚ್ಚು ಜಾಗ ಉಳಿದಿದೆ. ಬೇಟೆ ಆಡದವರೂ ಕೊಳ್ಳಬಹುದು. ಪ್ರವೇಶ ಶುಲ್ಕ ಇರೋ ರೆಫ್ಯೂಜ್‌ಗಳಿಗೆ ಅದೇ ಪಾಸ್.

ಕ್ವಿಜ್‌ನ ಒಗಟಿಗೆ ಅರ್ಧ ಉತ್ತರ ಇಲ್ಲೇ ಇದೆ. ದುಡ್ಡು ಕೊಟ್ಟವರು ಬೇಟೆಗಾರರು. ಕೊಟ್ಟವರು ಸುಮ್ಮನಿರ್ತಾರಾ? ನಮ್ಮ ದುಡ್ಡಲ್ಲಿ ಕೊಂಡ ಜಾಗಕ್ಕೆ ನಮಗೇ ಎಂಟ್ರಿ ಇಲ್ವಾ ಅಂತ ಕೇಳಿದ್ರು. 1949ರಲ್ಲಿ ಸ್ಟ್ಯಾಂಪ್ ಬೆಲೆ 2 ಡಾಲರ್ ಆಯ್ತು, ಜೊತೆಗೆ ಅಂಥ ರೆಫ್ಯೂಜ್‌ನ ಶೇ 25ರಷ್ಟು ಭಾಗದಲ್ಲಿ ಬಾತುಕೋಳಿಯಂಥ ವಲಸೆ ಹಕ್ಕಿಗಳ ಬೇಟೆಗೆ ಬಾಗಿಲು ತೆರೆಯಬಹುದು ಅಂತ ಕಾನೂನು ಬಂತು. 1958ರಲ್ಲಿ ಬೆಲೆ 3 ಡಾಲರ್, ಮಿತಿ ಶೇ 40. ಬೆಲೆ ಏರಿದ ಹಾಗೆ ಪಾಲೂ ಏರಿತು ನೋಡಿ.

ಇದು ಸರಿನಾ ತಪ್ಪಾ ಅಂತ ಅಮೆರಿಕದಲ್ಲಿ ಇವತ್ತಿಗೂ ಜಗಳ ಇದೆ. ಬೇಟೆಗಾರರ ಕಾಸಿಲ್ಲದೆ ಆ ಜೌಗು ಇವತ್ತು ಹೊಲವೋ ಮಾಲೋ ಆಗಿರ್ತಿತ್ತು ಅಂತ ಒಂದು ವಾದ. ಆಶ್ರಯ ಅಂತ ಹೆಸರಿಟ್ಟು ಕೊಲ್ಲೋದು ಮೋಸ ಅಂತ ಇನ್ನೊಂದು. ಎರಡರಲ್ಲೂ ಹುರುಳಿದೆ. ಒಂದು ಮಾತು ಮಾತ್ರ ಖಚಿತ: ಇನ್ಮುಂದೆ ರೆಫ್ಯೂಜ್ ಅಂದ್ರೆ ಬರೀ ಬೇಲಿ ಅಲ್ಲ. ಒಳಗೆ ಯಾರಿಗೆ, ಎಷ್ಟು, ಯಾವಾಗ ಅನ್ನೋ ಲೆಕ್ಕ ಶುರುವಾಯ್ತು.

ಮಜಾ ಮಾಡೋಕೆ ಬಂದವರು

ಎರಡನೇ ಮಹಾಯುದ್ಧ ಮುಗೀತು. ಮನೆಮನೆಗೆ ಕಾರು, ಕೈಯಲ್ಲಿ ಕಾಸು, ಎರಡು ದಿನ ರಜೆ. ಜನ ರೆಫ್ಯೂಜ್‌ಗಳಿಗೆ ನುಗ್ಗಿದ್ರು. ಇವರು ಕೆಟ್ಟವರಲ್ಲ. ಪಿಕ್‌ನಿಕ್, ಈಜು, ಕ್ಯಾಂಪಿಂಗ್, ಮೋಟಾರ್ ಬೋಟ್, ವಾಟರ್ ಸ್ಕೀಯಿಂಗ್. ಯಾರ ಕೈಯಲ್ಲೂ ಹಕ್ಕಿ ಕೊಲ್ಲೋ ಉದ್ದೇಶ ಇಲ್ಲ. ಆದ್ರೂ ಹಕ್ಕಿ ಗೂಡು ಬಿಟ್ಟು ಓಡ್ತಿತ್ತು.

1962ರಲ್ಲಿ ರೆಫ್ಯೂಜ್ ರಿಕ್ರಿಯೇಷನ್ ಆ್ಯಕ್ಟ್ ಬಂತು. ಅದರ ಸಾರ ಎರಡು ಷರತ್ತು. ಒಂದು, ಮನರಂಜನೆ ಇಲ್ಲಿ ಎರಡನೇ ದರ್ಜೆ. ರೆಫ್ಯೂಜ್ ಯಾವ ಉದ್ದೇಶಕ್ಕೆ ಆಗಿದೆಯೋ ಅದಕ್ಕೆ ಅಡ್ಡಿ ಆಗದಿದ್ರೆ ಮಾತ್ರ ಅವಕಾಶ. ಎರಡು, ಅದನ್ನ ನೋಡ್ಕೊಳ್ಳೋಕೆ ದುಡ್ಡಿದ್ರೆ ಮಾತ್ರ ತೆರೆಯಿರಿ. ಈ ಎರಡನೇ ಷರತ್ತು ನನಗೆ ತುಂಬಾ ಇಷ್ಟ. ಸಿಬ್ಬಂದಿ ಇಲ್ಲ, ಶೌಚಾಲಯ ಇಲ್ಲ, ಕಾವಲಿಲ್ಲ, ಆದ್ರೂ ಗೇಟ್ ಓಪನ್ ಅನ್ನೋ ಹಾಗಿಲ್ಲ.

ಇಲ್ಲಿ ಒಂದು ಕಾಮರ್ಸ್ ಕ್ಲಾಸ್, ಒಂದೇ ನಿಮಿಷ. ಕಂಪನಿ ಮುಳುಗಿದಾಗ ಆಸ್ತಿ ಮಾರಿ ಬಂದ ದುಡ್ಡು ಎಲ್ಲರಿಗೂ ಸಮ ಹಂಚಲ್ಲ. ಆಸ್ತಿ ಅಡ ಇಟ್ಕೊಂಡು ಸಾಲ ಕೊಟ್ಟ ಬ್ಯಾಂಕ್ ಸಾಲಿನ ಮುಂದೆ ಇರುತ್ತೆ. ಷೇರುದಾರ ಸಾಲಿನ ಕೊನೇಲಿ. ಎಲ್ಲರಿಗೂ ಕೊಟ್ಟು ಏನಾದ್ರೂ ಉಳಿದ್ರೆ ಅವನಿಗೆ. 1962ರ ಕಾನೂನು ಮಾಡಿದ್ದು ಇದನ್ನೇ. ರೆಫ್ಯೂಜ್ ಅನ್ನೋ ಆಸ್ತಿಯ ಮೇಲೆ ಹಕ್ಕಿಗೆ ಮೊದಲ ಹಕ್ಕು. ವಿಸಿಟರ್‌ಗೆ ಉಳಿದಿದ್ದು. ಉಳಿದಿಲ್ಲ ಅಂದ್ರೆ ಇಲ್ಲ.

ಪೇಪರ್ ಮೇಲೆ ಚೆನ್ನಾಗಿದೆ. ನೆಲದ ಮೇಲೆ?

ರೂಬಿ ಲೇಕ್‌ನ ಕೇಸು

ನೆವಾಡಾ ರಾಜ್ಯದ ಬರಡು ಪ್ರದೇಶದ ಮಧ್ಯೆ ರೂಬಿ ಲೇಕ್ ಅಂತ ಒಂದು ಜೌಗು. 1938ರಲ್ಲಿ ವಲಸೆ ಹಕ್ಕಿಗಳಿಗಾಗಿ ರೆಫ್ಯೂಜ್ ಆಯ್ತು. ಕ್ಯಾನ್ವಾಸ್‌ಬ್ಯಾಕ್, ರೆಡ್‌ಹೆಡ್ ಅನ್ನೋ ಬಾತುಕೋಳಿಗಳು ಇಲ್ಲಿ ನೀರಿನಲ್ಲೇ ಬೆಳೆದ ಜೊಂಡಿನ ಮೇಲೆ ಗೂಡು ಕಟ್ತವೆ. ಸುತ್ತ ಮರುಭೂಮಿ ಇರುವಾಗ ನೀರು ಕಂಡ್ರೆ ಜನ ಬಿಡ್ತಾರಾ? ಮೋಟಾರ್ ಬೋಟು, ವಾಟರ್ ಸ್ಕೀಯಿಂಗ್ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಯ್ತು. ಬೋಟಿನ ಅಲೆಗೆ ನೀರಂಚಿನ ಗೂಡು ಮುಳುಗುತ್ತೆ, ಸದ್ದಿಗೆ ತಾಯಿ ಬಾತು ಮರಿ ಬಿಟ್ಟು ದೂರ ಹೋಗುತ್ತೆ.

ಸರ್ಕಾರ ಬೋಟಿಂಗ್‌ಗೆ ರೂಲ್ಸ್ ಮಾಡಿತು. ಯಾವ ಭಾಗದಲ್ಲಿ ಯಾವ ತಾರೀಖಿನಿಂದ ಎಂಥ ಬೋಟು ಅಂತೆಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನ್ನೋ ರಾಜಿ. ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಅನ್ನೋ ಸಂಘಟನೆ ಕೋರ್ಟಿಗೆ ಹೋಯ್ತು. 1978ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಕೋರ್ಟ್ ಆ ರೂಲ್ಸನ್ನ ರದ್ದು ಮಾಡಿತು. 1962ರ ಕಾನೂನಿನ ಪ್ರಕಾರ ಮೊದಲು ನೋಡಬೇಕಾದದ್ದು ಒಂದೇ: ಈ ಬೋಟಿಂಗ್ ಹಕ್ಕಿಗಳ ಉದ್ದೇಶಕ್ಕೆ ಅಡ್ಡಿಯಾ ಅಲ್ವಾ? ಜನರಿಗೆ ಎಷ್ಟು ಇಷ್ಟ, ರಾಜಕೀಯ ಒತ್ತಡ ಎಷ್ಟು, ಸುತ್ತಲಿನ ವ್ಯಾಪಾರ ಎಷ್ಟು ಅನ್ನೋದನ್ನ ತಕ್ಕಡಿಯ ಇನ್ನೊಂದು ಕಡೆ ಇಟ್ಟು ತೂಗೋ ಹಾಗಿಲ್ಲ. ಮುಂಚಿನಿಂದ ನಡ್ಕೊಂಡು ಬಂದಿದೆ ಅನ್ನೋದೂ ನೆಪ ಆಗಲ್ಲ.

ಈ ಕೊನೇ ಮಾತನ್ನ ಗಮನಿಸಿ. "ನಾವು ಚಿಕ್ಕವರಿದ್ದಾಗಿಂದ ಇಲ್ಲೇ ಈಜ್ತಿದ್ವಿ, ಈಗ ಏನು ಹೊಸ ರೂಲ್ಸು?" ಇದು ಪ್ರಪಂಚದ ಎಲ್ಲ ಊರಿನಲ್ಲೂ ಕೇಳೋ ಡೈಲಾಗ್. ಕೋರ್ಟ್ ಹೇಳಿದ್ದರ ಅರ್ಥ, ಅಭ್ಯಾಸಕ್ಕೆ ವಯಸ್ಸಾದ್ರೆ ಅದು ಹಕ್ಕಾಗಲ್ಲ.

ಆದ್ರೂ ಒಂದು ತೀರ್ಪಿನಿಂದ ದೇಶ ಬದಲಾಗಲಿಲ್ಲ. 1989ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಒಂದು ವರದಿ ಕೊಟ್ಟಿತು. ಹೆಚ್ಚುಕಡಿಮೆ ಶೇ 60ರಷ್ಟು ರೆಫ್ಯೂಜ್‌ಗಳಲ್ಲಿ ವನ್ಯಜೀವಿಗೆ ಹಾನಿ ಮಾಡೋ ಚಟುವಟಿಕೆ ಒಂದಾದ್ರೂ ನಡೀತಿದೆ ಅಂತ ಅಲ್ಲಿನ ಮ್ಯಾನೇಜರ್‌ಗಳೇ ಹೇಳಿದ್ರು. ಪವರ್ ಬೋಟು, ಗಣಿಗಾರಿಕೆ, ಮಿಲಿಟರಿ ವಿಮಾನಗಳ ಹಾರಾಟ, ಹೀಗೆ. ಹಾನಿ ಅಂತ ಗೊತ್ತಿದ್ರೂ ಯಾಕೆ ನಿಲ್ಲಿಸಿಲ್ಲ? ಸ್ಥಳೀಯರ, ರಾಜಕಾರಣಿಗಳ ಒತ್ತಡ ಒಂದು ಕಾರಣ. ಆ ಜಾಗದ ಮೇಲೆ, ನೀರಿನ ಮೇಲೆ ಸಂಸ್ಥೆಗೇ ಪೂರ್ತಿ ಅಧಿಕಾರ ಇಲ್ಲದಿರೋದು ಇನ್ನೊಂದು.

1997: ಆರು ಕೆಲಸಕ್ಕೆ ಮೊದಲ ಸೀಟು

ಕೊನೆಗೆ 1997ರ ಅಕ್ಟೋಬರ್ 9ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾನೂನು ಇಡೀ ವ್ಯವಸ್ಥೆಯನ್ನ ಒಂದು ದಾರಕ್ಕೆ ಪೋಣಿಸಿತು. ಮೊದಲು ವನ್ಯಜೀವಿ. ಆಮೇಲೆ ಆರು ಚಟುವಟಿಕೆಗೆ ಆದ್ಯತೆ: ಬೇಟೆ, ಮೀನುಗಾರಿಕೆ, ವನ್ಯಜೀವಿ ವೀಕ್ಷಣೆ, ಫೋಟೋಗ್ರಫಿ, ಪರಿಸರ ಶಿಕ್ಷಣ, ಮತ್ತು ಗೈಡ್ ಅಥವಾ ಫಲಕಗಳ ಮೂಲಕ ಜಾಗದ ಬಗ್ಗೆ ವಿವರಣೆ. ಈ ಆರರಲ್ಲಿ ಒಂದು ಸಾಮಾನ್ಯ ಅಂಶ ಇದೆ. ಆರೂ ವನ್ಯಜೀವಿ ಇದ್ರೆ ಮಾತ್ರ ಸಾಧ್ಯ. ವಾಟರ್ ಸ್ಕೀಯಿಂಗ್‌ಗೆ ಬಾತುಕೋಳಿ ಬೇಕಿಲ್ಲ, ನೀರಿದ್ರೆ ಸಾಕು, ಬೇರೆ ಕೆರೆಗೆ ಹೋಗಬಹುದು. ಹಕ್ಕಿ ನೋಡೋಕೆ ಹಕ್ಕಿ ಬೇಕು. ಬೇಟೆಗೂ ಬೇಕು. ಕ್ವಿಜ್‌ನ ಉಳಿದ ಅರ್ಧ ಉತ್ತರ ಇದು.

ಆದ್ಯತೆ ಅಂದ್ರೆ ಪರ್ಮಿಷನ್ ಅಲ್ಲ, ಆಯ್ತಾ? ಆರಕ್ಕೂ ಟೆಸ್ಟ್ ಇದೆ. ರೆಫ್ಯೂಜ್ ಮ್ಯಾನೇಜರ್ ಲಿಖಿತವಾಗಿ ಕೂರಬೇಕು: ಏನು ಚಟುವಟಿಕೆ, ಎಲ್ಲಿ, ಯಾವಾಗ, ಹೇಗೆ, ನೋಡ್ಕೊಳ್ಳೋಕೆ ಸಿಬ್ಬಂದಿ ಮತ್ತು ದುಡ್ಡು ಇದೆಯಾ, ಪ್ರಾಣಿಗಳ ಮೇಲೆ ಏನು ಪರಿಣಾಮ. ಜನರ ಅಭಿಪ್ರಾಯ ಕೇಳಬೇಕು. ಆಮೇಲೆ ಹೌದು, ಇಲ್ಲ, ಅಥವಾ ಇಂಥ ಷರತ್ತಿನ ಮೇಲೆ ಹೌದು. ಒಮ್ಮೆ ಹೌದು ಅಂದ್ರೆ ಶಾಶ್ವತ ಅಲ್ಲ: ಆರು ಆದ್ಯತೆಯ ಚಟುವಟಿಕೆಗಳನ್ನ 15 ವರ್ಷಕ್ಕೊಮ್ಮೆಯಾದ್ರೂ, ಉಳಿದವನ್ನ 10 ವರ್ಷಕ್ಕೊಮ್ಮೆಯಾದ್ರೂ ಮತ್ತೆ ಪರಿಶೀಲಿಸಬೇಕು.

ಇದರಿಂದ ಒಂದು ತಲೆಕೆಳಗಾದ ತರ್ಕ ಹುಟ್ಟುತ್ತೆ. ಮಾಮೂಲಿ ಪಾರ್ಕಿನಲ್ಲಿ 'ಬೇಡ' ಅಂತ ಬೋರ್ಡ್ ಇಲ್ಲದಿದ್ರೆ ಮಾಡಬಹುದು. ರೆಫ್ಯೂಜ್‌ನಲ್ಲಿ, ಅಲಾಸ್ಕಾದವನ್ನ ಬಿಟ್ರೆ, 'ಮಾಡಬಹುದು' ಅಂತ ಹೇಳದಿದ್ರೆ ಮಾಡೋ ಹಾಗಿಲ್ಲ. ಡೀಫಾಲ್ಟ್ ಸೆಟ್ಟಿಂಗ್ ಆಫ್. ನಮ್ಮ ಫೋನ್‌ನಲ್ಲಿ ಆ್ಯಪ್‌ಗೆ ಲೊಕೇಷನ್ ಪರ್ಮಿಷನ್ ನಾವು ಕೊಟ್ರೆ ಮಾತ್ರ ಇರುತ್ತಲ್ಲ, ಹಾಗೆ.

ಪ್ರತಿ ರೂಲ್ ಹಿಂದೆ ಒಂದು ಪ್ರಾಣಿ

ಈಗ ಆ ರೂಲ್ಸ್ ಪಟ್ಟಿ ಓದಿ, ಬೇರೆ ತರ ಕಾಣುತ್ತೆ.

ಡ್ರೋನ್ ಯಾಕೆ ಬೇಡ? ಗೂಡಿನ ಮೇಲಿರೋ ಹಕ್ಕಿಗೆ ಆಕಾಶದಲ್ಲಿ ಸುಳಿಯೋ ವಸ್ತು ಅಂದ್ರೆ ಹದ್ದು. ಅದು ಎದ್ದು ಹಾರುತ್ತೆ, ಮೊಟ್ಟೆ ಬಿಸಿಲಿಗೆ ಬೀಳುತ್ತೆ. ನಾಯಿಗೆ ಯಾಕೆ ಹಗ್ಗ? ನಿಮ್ಮ ನಾಯಿ ಸಾಧು ಇರಬಹುದು, ನೆಲದಲ್ಲಿ ಗೂಡು ಮಾಡೋ ಹಕ್ಕಿಗೆ ಅದು ತೋಳವೇ. ರಾತ್ರಿ ಟಾರ್ಚ್ ಬಿಟ್ಟು ಪ್ರಾಣಿ ಹುಡುಕೋದು ಯಾಕೆ ಬೇಡ? ಕಣ್ಣು ಕೋರೈಸಿದ ಪ್ರಾಣಿ ನಿಂತಲ್ಲೇ ನಿಲ್ಲುತ್ತೆ, ಕಳ್ಳಬೇಟೆಗಾರರ ಹಳೇ ಟ್ರಿಕ್ ಅದು. ಕಾರಿನಲ್ಲೇ ಕೂತಿರಿ ಅಂತ ಕೆಲವು ಕಡೆ ಯಾಕೆ ಹೇಳ್ತಾರೆ? ನಿಂತ ಕಾರಿಗೆ ಹಕ್ಕಿ ಅಷ್ಟು ಹೆದರಲ್ಲ, ಬಾಗಿಲು ತೆಗೆದು ಇಳಿದ ಮನುಷ್ಯನ ಆಕಾರಕ್ಕೆ ಹೆದರುತ್ತೆ. ನಿಧಿ ಹುಡುಕೋದಕ್ಕೂ ರೂಲ್ ಇದೆ, ತಮಾಷೆ ಅಲ್ಲ: ಪರ್ಮಿಟ್ ಇಲ್ಲದೆ ಹೂತಿಟ್ಟ ನಿಧಿ ಹುಡುಕಬಾರದು ಅಂತ ನಿಯಮಾವಳಿಯಲ್ಲೇ ಬರೆದಿದ್ದಾರೆ.

ಬಿದ್ದ ಕೊಂಬು? ಅದು ಕಸ ಅಲ್ಲ. ಇಲಿ, ಅಳಿಲಿನಂಥ ಪ್ರಾಣಿಗಳು ಕ್ಯಾಲ್ಸಿಯಂಗಾಗಿ ಅದನ್ನ ಕಡೀತವೆ. ಮೇಲಾಗಿ ಕೊಂಬಿಗೆ ಮಾರುಕಟ್ಟೆ ಇದೆ. ಎಲ್ಲರಿಗೂ ಬಿಟ್ರೆ ಚಳಿಗಾಲದ ಕೊನೆಯಲ್ಲಿ, ಪ್ರಾಣಿಗಳು ಸೊರಗಿರೋ ಹೊತ್ತಿನಲ್ಲಿ, ಕೊಂಬು ಹುಡುಕೋರ ದಂಡೇ ನುಗ್ಗುತ್ತೆ. ವ್ಯೋಮಿಂಗ್ ರಾಜ್ಯದ ನ್ಯಾಷನಲ್ ಎಲ್ಕ್ ರೆಫ್ಯೂಜ್ ಇದಕ್ಕೊಂದು ದಾರಿ ಮಾಡ್ಕೊಂಡಿದೆ. ಎಲ್ಕ್ ಅಂದ್ರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಅಲ್ಲಿ ಸ್ಕೌಟ್ಸ್ ಹುಡುಗರು ಕೊಂಬು ಆರಿಸಿ, 1968ರಿಂದ ಪ್ರತಿ ವರ್ಷ ಜ್ಯಾಕ್ಸನ್ ಪಟ್ಟಣದಲ್ಲಿ ಹರಾಜು ಹಾಕ್ತಾರೆ. ಬಂದ ದುಡ್ಡಿನ ಶೇ 75 ಭಾಗ ಮತ್ತೆ ಆ ಪ್ರಾಣಿಗಳ ನೆಲೆಗೇ ಹೋಗುತ್ತೆ.

ಪ್ರೀತಿಯೂ ಭಾರ

ಇವತ್ತಿನ ದೊಡ್ಡ ಕಷ್ಟ ಬಂದೂಕಿನವರದ್ದಲ್ಲ, ಪ್ರೀತಿಸುವವರದ್ದು. ಫ್ಲೋರಿಡಾದ ಇನ್ನೊಂದು ತುದಿಗೆ, ಪಶ್ಚಿಮ ಕರಾವಳಿಯ ಕ್ರಿಸ್ಟಲ್ ರಿವರ್‌ಗೆ ಬನ್ನಿ. ಮ್ಯಾನಟೀ ಅಂತ ಒಂದು ಜಲಚರ, ನಮ್ಮ ಕಡಲಹಸುವಿನ ಸಂಬಂಧಿ. ನಿಧಾನ, ಸಾಧು, ದಪ್ಪ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದ್ರೆ ಅದಕ್ಕೆ ಜೀವಕ್ಕೇ ಅಪಾಯ. ಹಾಗಾಗಿ ಚಳಿಗಾಲದಲ್ಲಿ ವರ್ಷವಿಡೀ ಸುಮಾರು 22 ಡಿಗ್ರಿ ಇರೋ ಚಿಲುಮೆಗಳಿಗೆ ನೂರಾರು ಮ್ಯಾನಟೀ ಬಂದು ಸೇರ್ತವೆ. 1983ರಲ್ಲಿ ಇಲ್ಲಿ ರೆಫ್ಯೂಜ್ ಆಯ್ತು. ಇಲ್ಲಿ ಅವುಗಳಿರೋ ನೀರಿನಲ್ಲಿ ಜನ ಈಜಬಹುದು, ಅದಕ್ಕಾಗೇ ಸಾವಿರಾರು ಜನ ಬರ್ತಾರೆ.

ಯಾರೂ ಹೊಡೆಯಲ್ಲ. ಮುಟ್ಟಬೇಕು, ಸೆಲ್ಫಿ ಬೇಕು, ಮರಿಯ ಹತ್ತಿರ ಹೋಗಬೇಕು ಅಷ್ಟೇ. ಆದ್ರೆ ಜನರಿಂದ ತಪ್ಪಿಸ್ಕೊಳ್ಳೋಕೆ ಮ್ಯಾನಟೀ ಬೆಚ್ಚಗಿನ ಚಿಲುಮೆ ಬಿಟ್ಟು ತಣ್ಣೀರಿಗೆ ಹೋಯ್ತು ಅಂದ್ರೆ ಆ ಸೆಲ್ಫಿಯ ಬೆಲೆ ಅದರ ಪ್ರಾಣ. ಹಾಗಾಗಿ ರೂಲ್ಸ್: ಬೆನ್ನಟ್ಟಬೇಡಿ, ಸುತ್ತುವರಿಯಬೇಡಿ, ಏರಬೇಡಿ, ತಿನ್ನೋಕೆ ಕೊಡಬೇಡಿ, ತೇಲ್ತಾ ದೂರದಿಂದ ನೋಡಿ. ಮ್ಯಾನಟೀಗಳು ಒತ್ತಾಗಿ ಸೇರೋ ಚಳಿಯ ದಿನಗಳಲ್ಲಿ ಮುಖ್ಯ ಚಿಲುಮೆಯ ನೀರಿಗೆ ಈಜುಗಾರರಿಗೆ ಪ್ರವೇಶವೇ ಬಂದ್. ದೂರದಿಂದ ಬಂದವರಿಗೆ ಬೇಜಾರಾಗುತ್ತೆ, ಟೂರ್ ಬೋಟಿನವರಿಗೆ ಅವತ್ತಿನ ದುಡಿಮೆಗೆ ಹೊಡೆತ. ಆ ನಷ್ಟ ನಿಜ, ಸಣ್ಣದೂ ಅಲ್ಲ. ಮ್ಯಾನಟೀಗೆ ಮಾತ್ರ ಆ ದಿನ ಹೋಗೋಕೆ ಬೇರೆ ಜಾಗ ಇಲ್ಲ.

ನಮ್ಮ ಕಡೆ

ನಮ್ಮ ಕಾನೂನೂ ಇದೇ ಡೀಫಾಲ್ಟ್ ಮೇಲೆ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯಕ್ಕೆ ಹೊರಗಿನವರ ಪ್ರವೇಶ ನಿರ್ಬಂಧಿತ. 28ನೇ ಸೆಕ್ಷನ್ ಪರ್ಮಿಟ್ ಕೊಡಬಹುದಾದ ಉದ್ದೇಶಗಳನ್ನ ಎಣಿಸುತ್ತೆ: ಅಧ್ಯಯನ, ಫೋಟೋಗ್ರಫಿ, ಸಂಶೋಧನೆ, ಪ್ರವಾಸ, ಒಳಗೆ ವಾಸ ಇರೋರ ಜೊತೆಗಿನ ಕಾನೂನುಬದ್ಧ ವ್ಯವಹಾರ. ಅಂದ್ರೆ ಸಫಾರಿ ಟಿಕೆಟ್ ನಾವು ದುಡ್ಡು ಕೊಟ್ಟು ಕೊಂಡ ಹಕ್ಕಲ್ಲ, ಷರತ್ತಿನ ಪರ್ಮಿಟ್ಟು. ದೊಡ್ಡ ವ್ಯತ್ಯಾಸ ಒಂದೇ, ಮೋಜಿನ ಬೇಟೆಗೆ ನಮ್ಮಲ್ಲಿ ಜಾಗವೇ ಇಲ್ಲ. ರಂಗನತಿಟ್ಟನ್ನೇ ನೋಡಿ. ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನ ಪಕ್ಷಿಧಾಮ ಮಾಡಿತು. ಅಲ್ಲೂ ಗೂಡಿರೋ ನಡುಗಡ್ಡೆ ಮೇಲೆ ನಾವು ಕಾಲಿಡಲ್ಲ, ಹುಟ್ಟು ಹಾಕೋ ದೋಣಿಯಲ್ಲಿ ಕೂತು ನೀರಿನಿಂದಲೇ ನೋಡ್ತೀವಿ.

ಮುಂದಿನ ಸಲ ಯಾವುದಾದ್ರೂ ಅಭಯಾರಣ್ಯದ ಗೇಟಿನಲ್ಲಿ 'ಇಂದು ಪ್ರವೇಶ ಇಲ್ಲ' ಅಂತ ಬೋರ್ಡ್ ಕಂಡ್ರೆ ಗಾರ್ಡ್ ಜೊತೆ ಜಗಳಕ್ಕೆ ಇಳಿಯೋ ಮುಂಚೆ ಒಂದು ಪ್ರಶ್ನೆ ಕೇಳಿ: ಯಾವ ಪ್ರಾಣಿಗೋಸ್ಕರ? ಒಳ್ಳೇ ರೂಲ್ ಆಗಿದ್ರೆ ಉತ್ತರ ಇರುತ್ತೆ. ಉತ್ತರ ಇಲ್ಲ ಅಂದ್ರೆ, ಅಥವಾ ಅದೇ ದಿನ ವಿಐಪಿ ಜೀಪ್ ಒಳಗೆ ಹೋಯ್ತು ಅಂದ್ರೆ, ಆಗ ಪ್ರಶ್ನೆ ಮಾಡೋದು ನಮ್ಮ ಕರ್ತವ್ಯ. ರೂಬಿ ಲೇಕ್‌ನಲ್ಲಿ ಕೋರ್ಟಿಗೆ ಹೋದವರು ಅದನ್ನೇ ಮಾಡಿದ್ದು.

ಈಗ ಅಮೆರಿಕದಲ್ಲಿ 570ಕ್ಕೂ ಹೆಚ್ಚು ರೆಫ್ಯೂಜ್‌ಗಳಿವೆ. ವರ್ಷಕ್ಕೆ 6 ಕೋಟಿಗೂ ಹೆಚ್ಚು ಭೇಟಿಗಳು. ಇವೆಲ್ಲದರ ಮೂಲವಾದ ಪೆಲಿಕನ್ ಐಲ್ಯಾಂಡ್‌ಗೆ ಇವತ್ತೂ ಯಾರೂ ಕಾಲಿಡೋ ಹಾಗಿಲ್ಲ. 2003ರಲ್ಲಿ ನೂರು ವರ್ಷ ತುಂಬಿದಾಗ ಎದುರು ದಡದಲ್ಲಿ ಒಂದು ಮರದ ಕಾಲುದಾರಿ ಕಟ್ಟಿದ್ರು. ಹಲಗೆ ಹಲಗೆ ಮೇಲೂ ಒಂದೊಂದು ರೆಫ್ಯೂಜ್‌ನ ಹೆಸರು, ಅದು ಹುಟ್ಟಿದ ವರ್ಷ. ಅದರ ಮೇಲೆ ನಡ್ಕೊಂಡು ಹೋಗಿ, ಕೊನೆಯ ಅಟ್ಟಣಿಗೆ ಮೇಲೆ ನಿಂತ್ರೆ ದೂರದಲ್ಲಿ ದ್ವೀಪ, ಮೇಲೆ ಹೆಜ್ಜಾರ್ಲೆಗಳು. ಬೈನಾಕ್ಯುಲರ್ ತಗೊಂಡು ಹೋಗಿ.

ಇವತ್ತಿಗೆ ಇಷ್ಟು. ನಿಮ್ಮೂರಿನ ಕೆರೆಗೋ ಕಾಡಿಗೋ ಇರೋ ರೂಲ್ಸ್‌ನಲ್ಲಿ ಯಾವುದು ಅರ್ಥವೇ ಆಗಿಲ್ಲ ಅನ್ನಿಸುತ್ತೆ, ನಮಗೆ ಬರೆದು ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.